ಹಚ್ಚಿಕೊಂಡು ಹೋಗಿ, ಊಟ ಮಾಡಿ ಬನ್ನಿ

ಹೋದ ವಾರ ಒಬ್ಬರು ಅಂಗಡಿಗೆ ಬಂದು 6 ಎಂ.ಎಲ್. ಅತ್ತರಿನ ಬಾಟಲಿಯೊಂದನ್ನು ಗಾಜಿನ ಮೇಲೆ ಟಪ್ ಅಂತ ಇಟ್ಟರು.

"ಅಣ್ಣ, ಇದು ಡೂಪ್ಲಿಕೇಟ್."

ನಾಲ್ಕು ದಿನದ ಹಿಂದೆ ನಾನೇ ತುಂಬಿಕೊಟ್ಟ ಬಾಟಲಿ. ಮುಚ್ಚಳ ತೆಗೆದು ನೋಡಿದೆ. ಅದೇ ಎಣ್ಣೆ. ಏನಾಯ್ತು ಸಾರ್ ಅಂದೆ.

"ಇಲ್ಲಿ ಮೂಸಿದಾಗ ನಿಂಬೆಹಣ್ಣು ಹಿಂಡಿದ ಹಾಗಿತ್ತು. ಹಚ್ಕೊಂಡು ಮದುವೆಗೆ ಹೋದೆ. ಛತ್ರ ಮುಟ್ಟೋ ಹೊತ್ತಿಗೆ ಹಳೇ ಮರದ ಪೆಟ್ಟಿಗೆ ವಾಸನೆ. ನಮ್ಮ ಮನೆಯವರು ಪಕ್ಕದಲ್ಲಿ ಕೂರಲೇ ಇಲ್ಲ."

ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಕೂಗಳತೆ ದೂರದಲ್ಲಿ 24 ವರ್ಷದಿಂದ ಅತ್ತರು ಮಾರುತ್ತಿದ್ದೇನೆ. ಅದಕ್ಕೂ ಮೊದಲು ಇದೇ ಬೆಂಚಿನ ಮೇಲೆ ಅಪ್ಪ ಕೂರುತ್ತಿದ್ದರು. ಈ ದೂರು ಅವರೂ ಕೇಳಿದ್ದಾರೆ, ನಾನೂ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. "ಅಂಗಡೀಲಿ ಒಂದು ವಾಸನೆ, ಮನೇಲಿ ಇನ್ನೊಂದು ವಾಸನೆ. ಏನೋ ಬೆರೆಸಿದ್ದೀರಿ." ನಮ್ಮ ಕಸುಬಿನಲ್ಲಿ ಬೆರೆಸುವವರು ಇಲ್ಲ ಅಂತ ನಾನು ಹೇಳೋದಿಲ್ಲ. ಬೇಕಾದಷ್ಟಿದ್ದಾರೆ. ಆದರೆ ಹಚ್ಚಿಕೊಂಡ ಎಣ್ಣೆ ಹೊತ್ತಿಗೊಂದು ಥರ ಆಗುವುದು ಕಲಬೆರಕೆಯ ಗುರುತಲ್ಲ. ನಿಜ ಹೇಳಬೇಕೆಂದರೆ, ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಥರ ಕೂತಿರುವ ಎಣ್ಣೆ ಕಂಡರೆ ನನಗೆ ಅನುಮಾನ ಜಾಸ್ತಿ.

ಒಂದು ಬಾಟಲಿಯೊಳಗೆ ಇರುವುದು ಒಂದು ವಾಸನೆ ಅಲ್ಲ. ಅದೊಂದು ಫುಲ್ ಬಸ್ಸು. ನಿಂಬೆ, ಕಿತ್ತಳೆ ಜಾತಿಯವು ಫುಟ್‌ಬೋರ್ಡ್ ಮೇಲೆ ನೇತಾಡುತ್ತಿರುತ್ತವೆ, ಮೊದಲ ಸ್ಟಾಪಿನಲ್ಲೇ ಇಳಿದುಬಿಡುತ್ತವೆ. ಹೂವಿನ ವಾಸನೆಗಳು ಊರ ಮಧ್ಯದವರೆಗೆ ಬರುತ್ತವೆ. ಗಂಧ, ಲಾವಂಚ, ಪಚೌಲಿ ಅನ್ನುವ ಸೊಪ್ಪು, ಇವು ಹಿಂದಿನ ಸೀಟಿನಲ್ಲಿ ಕಿಟಕಿ ಹಿಡಿದು ಕೂತವು, ಕೊನೇ ಸ್ಟಾಪಿನವರೆಗೆ ಏಳುವುದಿಲ್ಲ. ಮುಖ್ಯ ಕಾರಣ ತುಂಬಾ ಸರಳ, ತೂಕ. ನಿಂಬೆ ಜಾತಿಯ ಎಣ್ಣೆಗಳಲ್ಲಿ ಜಾಸ್ತಿ ಇರುವ ಲಿಮೋನೀನ್‌ನ ಅಣುತೂಕ 136. ಗಂಧದೆಣ್ಣೆಯ ಸ್ಯಾಂಟಲಾಲ್‌ದು 220. ಹಗುರವಾದದ್ದು ಬೇಗ ಹಾರುತ್ತದೆ, ಭಾರವಾದದ್ದು ನಿಧಾನ. ಬಾಟಲಿಯ ಮೂತಿಗೆ ಮೂಗು ಇಟ್ಟರೆ ನಿಮಗೆ ಸಿಗುವುದು ಫುಟ್‌ಬೋರ್ಡಿನವರು ಮಾತ್ರ. ಅವರ ಮುಖ ನೋಡಿ ಇಡೀ ಬಸ್ಸಿಗೆ ದುಡ್ಡು ಕೊಟ್ಟುಬಿಡುತ್ತೀರಿ. ಆಮೇಲೆ ನನ್ನ ಜೊತೆ ಜಗಳ.

ಅದಕ್ಕೇ ನಾನು ಹೇಳೋದು: ಬಾಟಲಿ ಮೂಸಬೇಡಿ. ಎಣ್ಣೆ ಅದ್ದಿ ಮೂಸಲು ಕೊಡುವ ಕಾಗದದ ಪಟ್ಟಿಯನ್ನೂ ನಂಬಬೇಡಿ. ನೂರು ಎಣ್ಣೆಗಳಲ್ಲಿ ತೊಂಬತ್ತನ್ನು ಬೇಡ ಅನ್ನುವುದಕ್ಕೆ ಕಾಗದ ಸಾಕು. ಉಳಿದ ಹತ್ತರಲ್ಲಿ ಒಂದನ್ನು ಆರಿಸಿಕೊಳ್ಳುವುದಕ್ಕೆ ಸಾಲದು. ಕಾಗದಕ್ಕೆ ಬಿಸಿಯಿಲ್ಲ, ಜಿಡ್ಡಿಲ್ಲ, ಬೆವರಿಲ್ಲ. ನಿಮ್ಮ ಚರ್ಮ 32, 33 ಡಿಗ್ರಿ ಬಿಸಿ ಇರುತ್ತದೆ. ಕೆಲವರದು ಜಿಡ್ಡಿನ ಚರ್ಮ, ಕೆಲವರದು ಒಣಗಿ ಬಿಳಿ ಗೀರು ಬೀಳುವಂಥದ್ದು. ಜಿಡ್ಡಿನ ಚರ್ಮ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣ ಚರ್ಮದಲ್ಲಿ ಬೇಗ ಮಂಕಾಗುತ್ತದೆ. "ನಂದು ಹೀಟ್ ಬಾಡಿ, ಅತ್ತರು ನಿಲ್ಲಲ್ಲ" ಅನ್ನುವವರಲ್ಲಿ ಬಹಳ ಜನರ ಕೈ ಮುಟ್ಟಿದರೆ ಒಣಗಿರುತ್ತದೆ, ಅಷ್ಟೇ. ವಾಸನೆಯಿಲ್ಲದ ವ್ಯಾಸಲೀನ್ ಒಂದು ಚೂರು ಸವರಿ ಅದರ ಮೇಲೆ ಹಚ್ಚಿ ಅಂತ ಹೇಳಿ ಕಳಿಸುತ್ತೇನೆ. ಕೊಬ್ಬರಿ ಎಣ್ಣೆ ಬೇಡ, ಅದರ ವಾಸನೆಯೇ ಮೇಲಾಗುತ್ತದೆ.

ಇನ್ನೊಂದು ತಮಾಷೆ ಇದೆ. ಇಬ್ಬರು ಗೆಳೆಯರು ಬರುತ್ತಾರೆ. ಒಬ್ಬನ ಕೈಗೆ ಹಚ್ಚಿಸಿಕೊಂಡು ಇನ್ನೊಬ್ಬ ಕೊಳ್ಳುತ್ತಾನೆ. ಚಪ್ಪಲಿಯನ್ನು ಹಾಗೆ ಕೊಳ್ಳುತ್ತೀರಾ?

ದವನ ಎಲ್ಲರಿಗೂ ಗೊತ್ತು. ಹಾರದ ಮಧ್ಯೆ ಕಟ್ಟುತ್ತಾರೆ, ಶಿವನಿಗೆ ಏರಿಸುತ್ತಾರೆ, ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರು. ನಮ್ಮ ಕರ್ನಾಟಕದ ಹೊಲಗಳಲ್ಲೇ ಬೆಳೆಯುವ ಈ ಗಿಡದ ಎಣ್ಣೆ ಹೊರದೇಶದ ಸೆಂಟಿನವರಿಗೂ ಬೇಕು. ಒಬ್ಬೊಬ್ಬರ ಮೈ ಮೇಲೆ ಒಂದೊಂದು ಥರ ಬರುತ್ತದೆ ಅಂತ ಕಸುಬಿನವರೆಲ್ಲ ಹೇಳುವ ಎಣ್ಣೆ ಇದು. ಎಷ್ಟು ನಿಜವೋ ನೋಡೋಣ ಅಂತ ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದ ಮೂವರಿಗೆ ತೆಳುವಾಗಿ ಬೆರೆಸಿ ಹಚ್ಚಿದೆ. ನನ್ನ ಕೈ ಮೇಲೆ ಒಣಗಿದ ಸೊಪ್ಪು, ಸ್ವಲ್ಪ ಕಹಿ. ಅಕ್ಕನ ಮಗನ ಕೈ ಮೇಲೆ ಅರ್ಧ ಗಂಟೆಗೆ ಮಾಗಿದ ಹಣ್ಣು, ಹೆಚ್ಚುಕಮ್ಮಿ ಹಲಸಿನ ತೊಳೆ. ಎದುರು ಅಂಗಡಿಯ ಹೂವಿನ ಅಮ್ಮ ತಮ್ಮ ಕೈ ಮೂಸಿಕೊಂಡು "ಇದೇನಪ್ಪಾ, ಬ್ರಾಂದಿ ವಾಸನೆ" ಅಂತ ನಕ್ಕರು. ಬಾಟಲಿ ಒಂದೇ, ಹನಿ ಒಂದೇ. ಇದರಲ್ಲಿ ಚರ್ಮದ ಪಾಲೆಷ್ಟು, ಮೂಗಿನ ಪಾಲೆಷ್ಟು ಅಂತ ಬಿಡಿಸಿ ಹೇಳುವಷ್ಟು ವಿಜ್ಞಾನ ನನ್ನ ಹತ್ತಿರ ಇಲ್ಲ. ಆದರೆ ಗೆಳೆಯನ ಕೈ ನೋಡಿ ದವನ ಕೊಂಡವರು ಮಾತ್ರ ಕೆಟ್ಟರು.

ಮೊನ್ನೆ ಎಡಗೈಗೆ ಲಾವಂಚ, ಬಲಗೈಗೆ ಮಲ್ಲಿಗೆ ಹಚ್ಚಿಕೊಂಡು ಇಡೀ ದಿನ ಕೂತೆ. ಇದು ನನಗೆ ಹಳೇ ಚಟ. ಬೆಳಿಗ್ಗೆ ಹತ್ತಕ್ಕೆ ಲಾವಂಚ ಚೆನ್ನಾಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಈಗಷ್ಟೇ ಕಿತ್ತ ಬೇರು, ಅದಕ್ಕೆ ಅಂಟಿದ ಹಸಿ ಮಣ್ಣು, ಒಂಚೂರು ಆಲೂಗೆಡ್ಡೆ ಸಿಪ್ಪೆ. ಹನ್ನೊಂದೂವರೆಗೆ ಮಣ್ಣು ಒಣಗಿತು. ಬೇಸಿಗೆಯಲ್ಲಿ ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಡಿಕೆ ಇದೆಯಲ್ಲ, ಆ ತಂಪು ಬಂತು. ಮಧ್ಯಾಹ್ನ ಮೂರಕ್ಕೆ ಮಡಕೆಯಲ್ಲಿ ಬೇರು ಹಾಕಿಟ್ಟ ನೀರು. ಸಂಜೆ ಮೆಲ್ಲಗೆ ಹೊಗೆ, ಅದರೊಳಗೆ ಸಿಹಿ. ಮಾರನೆಯ ದಿನ ಒಗೆಯಲು ತೆಗೆದ ಅಂಗಿಯ ತೋಳಿನಲ್ಲೂ ಇತ್ತು. ಹತ್ತು ಗಂಟೆಯ ಆ ಆಲೂಗೆಡ್ಡೆ ಸಿಪ್ಪೆ ನೋಡಿ ಎಷ್ಟು ಜನ "ಛೀ" ಅಂತ ಬಾಟಲಿ ಕೆಳಗಿಟ್ಟಿಲ್ಲ!

ಬಲಗೈಯ ಮಲ್ಲಿಗೆ ಬೇರೆ ಥರ ಆಟ ಆಡಿತು. ಮೊದಲು ಹಸಿರು, ಮೊಗ್ಗಿನ ತೊಟ್ಟು ಮುರಿದ ಹಾಗೆ. ಅರ್ಧ ಗಂಟೆಗೆ ಅರಳಿತು. ಆಮೇಲೆ ಎರಡು ಗಂಟೆ ಹೊತ್ತು ಅದರ ಇನ್ನೊಂದು ಮುಖ. ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ವಸ್ತು ಇದೆ. ಅದೇ ವಸ್ತು ಮಲದಲ್ಲೂ ಇದೆ, ಬೇಜಾರಾಗಬೇಡಿ. ಗಟ್ಟಿಯಾಗಿದ್ದರೆ ಬೀರುವಿನ ನುಸಿ ಗುಳಿಗೆಯ ವಾಸನೆ, ತೆಳುವಾದರೆ ಹೂವು. ರಾತ್ರಿ ಮುಡಿದ ದಂಡೆ ಬೆಳಿಗ್ಗೆ ದಿಂಬಿನ ಮೇಲೆ ಬಾಡಿ ಬಿದ್ದಿರುತ್ತದಲ್ಲ, ಆ ಘಾಟು ಇದೇ. ಕೆಲವು ಹೆಂಗಸರಿಗೆ ಅದು ಪ್ರಾಣ. ಕಾಲೇಜು ಹುಡುಗಿಯರು ಮಾತ್ರ "ಅಂಕಲ್, ಹಾಳಾಗಿದೆ" ಅಂತ ವಾಪಸು ತರುತ್ತಾರೆ. ಅವರಿಗೆ ಬೇಕಾಗಿರುವುದು ಇಂಡೋಲ್ ತೆಗೆದ ಕ್ಲೀನ್ ಮಲ್ಲಿಗೆ. ಅದೂ ಇದೆ, ಕೇಳಿದರೆ ಕೊಡುತ್ತೇನೆ. ನನಗೆ ಅದು ಪ್ಲಾಸ್ಟಿಕ್ ಹೂವು.

ಊದ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ದುಬೈನಿಂದ ಬಂದ ಹುಡುಗರು ನನಗಿಂತ ಜಾಸ್ತಿ ಮಾತಾಡುತ್ತಾರೆ. ಅಗರು ಮರಕ್ಕೆ ಬೂಷ್ಟು ಹಿಡಿದು, ಮರ ಅದಕ್ಕೆ ಎದುರಾಗಿ ಸುರಿಸಿದ ರಾಳದಿಂದ ಬರುವ ಎಣ್ಣೆ ಅದು. ಅಸ್ಸಾಮಿನ ಕಡೆಯ ಊದ್ ಹಚ್ಚಿದ ಕೂಡಲೇ ದನದ ಕೊಟ್ಟಿಗೆಗೆ ಕಾಲಿಟ್ಟ ಹಾಗಿರುತ್ತದೆ. ಒಂದು ಗಂಟೆ ತಡೆದುಕೊಂಡರೆ ಜೇನು, ತೊಗಲು, ಒಣ ಮರ. ಹಚ್ಚಿದ ಮೊದಲ ನಿಮಿಷದಿಂದಲೇ ಗುಲಾಬಿ ಥರ ಘಮ್ ಅನ್ನುವ 200 ರೂಪಾಯಿ ಬಾಟಲಿ ಊದ್ ಅಲ್ಲ. ಅದು ತಪ್ಪೇನಲ್ಲ, ಚೆನ್ನಾಗಿದ್ದರೆ ಹಚ್ಚಿಕೊಳ್ಳಿ. ಆದರೆ ಅಸಲಿ ಅಂತ ನಾಲ್ಕು ಜನರ ಮುಂದೆ ವಾದ ಮಾಡಬೇಡಿ.

ಇನ್ನು ನಮ್ಮೂರ ಗಂಧ. ಇಲ್ಲಿಯೇ ನನಗೆ ಸಿಟ್ಟು ಜಾಸ್ತಿ ಬರುವುದು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸರ್ಕಾರವೇ ಎಣ್ಣೆ ಇಳಿಸಲು ಶುರು ಮಾಡಿತು. ನೂರು ವರ್ಷ ದಾಟಿದೆ. ಆದರೂ ಮೈಸೂರಿನವರೇ ಬಂದು ಒಳ್ಳೆ ಗಂಧದೆಣ್ಣೆ ಮೂಸಿ "ಇದ್ರಲ್ಲಿ ವಾಸನೇನೇ ಇಲ್ವಲ್ಲ" ಅನ್ನುತ್ತಾರೆ. ಅವರ ತಲೆಯಲ್ಲಿರುವುದು ಸೋಪು, ಊದುಬತ್ತಿ. ಅದರಲ್ಲಿ ಗಂಧದ ಜೊತೆ ಇನ್ನೂ ಹತ್ತು ಇರುತ್ತದೆ. ಬರೀ ಗಂಧ ಬಾಗಿಲು ತೆಗೆದ ಕೂಡಲೇ ಓಡಿ ಬರುವುದಿಲ್ಲ. ಹಚ್ಚಿ ಸುಮ್ನೆ ಕೂರಬೇಕು. ಇಪ್ಪತ್ತು ನಿಮಿಷಕ್ಕೆ ಕಾಯಿಸಿದ ಹಾಲಿನ ಕೆನೆ ಥರ ಮೇಲೆ ಬರುತ್ತದೆ. ಬಂದದ್ದು ಸಂಜೆಯಾದರೂ ಹೋಗುವುದಿಲ್ಲ. ಉತ್ತರ ಪ್ರದೇಶದ ಕನೋಜಿನ ಹಳೇ ಅತ್ತರಿನವರು ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಆ ಹಬೆಯನ್ನು ಗಂಧದೆಣ್ಣೆಯೊಳಗೇ ಇಳಿಸುತ್ತಿದ್ದದ್ದು ಅದಕ್ಕೇ. ಹಾರಿಹೋಗುವ ಹೂವನ್ನು ಗಂಧ ಕೈ ಹಿಡಿದು ಕೂರಿಸಿಕೊಳ್ಳುತ್ತದೆ. ಅವರ ಮಿಟ್ಟಿ ಅತ್ತರು ಹಚ್ಚಿ ನೋಡಿ. ಸುಟ್ಟ ಮಣ್ಣಿನಿಂದ ಇಳಿಸಿದ್ದು, ಮೊದಲ ಮಳೆಯದೇ ವಾಸನೆ. 1964ರಲ್ಲಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ವಿಜ್ಞಾನಿಗಳು ಅದಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ಕನೋಜಿನವರು ಅಷ್ಟರಲ್ಲಾಗಲೇ ಬಾಟಲಿಗೆ ತುಂಬಿ ಮಾರುತ್ತಿದ್ದರು. ಮೈ ಮೇಲೆ ಮಳೆ ಒಂದೆರಡು ಗಂಟೆ, ಆಮೇಲೆ ಬರೀ ಗಂಧ. "ಮಳೆ ನಿಂತುಹೋಯ್ತು" ಅಂತ ಅದನ್ನೂ ವಾಪಸು ತಂದವರಿದ್ದಾರೆ.

ಈಗ ಗಂಧ ದುಬಾರಿ. ಅಗ್ಗದ ಅತ್ತರುಗಳಲ್ಲಿ ಗಂಧದ ಜಾಗಕ್ಕೆ ಲಿಕ್ವಿಡ್ ಪ್ಯಾರಫಿನ್ ಬಂದು ಕೂತಿದೆ. ಅದಕ್ಕೆ ಸ್ವಂತ ವಾಸನೆ ಇಲ್ಲ. ಮೇಲಿನ ಸೆಂಟು ಹಾರಿದ ಮೇಲೆ ಕೈ ಮೇಲೆ ಜಿಡ್ಡು ಮಾತ್ರ ಉಳಿಯುತ್ತದೆ. ಇದು ಗೊತ್ತಾಗುವುದೂ ಎರಡು ಗಂಟೆಯ ಮೇಲೇ, ಬಾಟಲಿ ಮೂಸಿದಾಗ ಅಲ್ಲ.

ಕೆಲವರಿಗೆ ಕೆಲವು ವಾಸನೆ ಗೊತ್ತಾಗುವುದೇ ಇಲ್ಲ, ಕಸ್ತೂರಿ ಥರದ ಭಾರದ ಸೆಂಟುಗಳಲ್ಲಿ ಇದು ಜಾಸ್ತಿ. ರಿಟೈರ್ಡ್ ಮೇಷ್ಟ್ರೊಬ್ಬರು ಪ್ರತಿ ಸಲ ಬಂದು "ಇನ್ನೂ ಸ್ಟ್ರಾಂಗ್ ಕೊಡಪ್ಪಾ" ಅನ್ನುತ್ತಿದ್ದರು. ಒಂದು ದಿನ ಅವರ ಮನೆಯವರು ಹಿಂದಿನಿಂದ ಬಂದು ಕೈ ಮುಗಿದರು: "ನಿಮಗೆ ಪುಣ್ಯ ಬರ್ಲಿ, ಇನ್ಮೇಲೆ ಕೊಡಬೇಡಿ. ಆಟೋದವನು ಇಳಿಸಿಬಿಟ್ಟ." ಮೇಷ್ಟ್ರ ಮೂಗಿಗೆ ಆ ಒಂದು ಕಸ್ತೂರಿ ಇಲ್ಲವೇ ಇಲ್ಲ. ಆ ತೊಂದರೆ ಇಲ್ಲದವರಿಗೂ ಅರ್ಧ ಗಂಟೆಯಲ್ಲಿ ಮೂಗು ತನ್ನ ಮೈಯ ವಾಸನೆಗೆ ಒಗ್ಗಿಬಿಡುತ್ತದೆ. ಹೂವಿನ ಅಂಗಡಿಯವರನ್ನು ಕೇಳಿ, ಅವರಿಗೆ ಹೂವಿನ ವಾಸನೆ ಗೊತ್ತೇ ಆಗುವುದಿಲ್ಲ. ಅದಕ್ಕೇ "ಹೋಯ್ತು" ಅಂತ ಮತ್ತೆ ಮತ್ತೆ ಹಚ್ಚುವ ಮೊದಲು ಮನೆಯಲ್ಲಿ ಯಾರನ್ನಾದರೂ ಕೇಳಿ.

ಮಣಿಕಟ್ಟು ಎರಡೂ ಸೇರಿಸಿ ಉಜ್ಜುವುದು ಬಿಡಿ. ಉಜ್ಜಿದರೆ ಅಣುಗಳು ಪುಡಿಯಾಗುತ್ತವೆ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ, ಅದು ಸುಳ್ಳು. ಬಿಸಿಯಾಗಿ ಮೊದಲ ವಾಸನೆ ಬೇಗ ಹಾರುತ್ತದೆ, ಅಷ್ಟೇ. ಎಚ್ಚರಿಕೆಯ ಮಾತು ಒಂದೆರಡು. ನಾನು ಡಾಕ್ಟರಲ್ಲ. ಚರ್ಮ ಕೆಂಪಾದರೆ, ತುರಿಸಿದರೆ ತೊಳೆದುಬಿಡಿ, ಅಭ್ಯಾಸ ಆಗುತ್ತೆ ಅಂತ ಕಾಯಬೇಡಿ. ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಎಣ್ಣೆ, ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಕಲೆ ಬೀಳಬಹುದು, ಸುಡಲೂಬಹುದು. ಪುಟ್ಟ ಮಕ್ಕಳಿಗೆ, ಉಬ್ಬಸ ಇರುವವರಿಗೆ ಅಂತ ಕೇಳಿದರೆ ನಾನು ಮಾರುವುದಿಲ್ಲ.

ಡೂಪ್ಲಿಕೇಟ್ ಅಂದವರ ಕಥೆ ಮುಗಿಸಿಬಿಡುತ್ತೇನೆ. ಅವರಿಗೆ ಗಂಧದ ಮೇಲೆ ಸ್ವಲ್ಪ ಕೇದಗೆ ಇರುವ ಎಣ್ಣೆಯೊಂದನ್ನು ಗಾಜಿನ ಕಡ್ಡಿಯಲ್ಲಿ ಮಣಿಕಟ್ಟಿಗೆ ಸವರಿದೆ. "ಹಚ್ಚಿಕೊಂಡು ಹೋಗಿ, ಊಟ ಮಾಡಿ ಬನ್ನಿ. ಆಮೇಲೆ ಮಾತಾಡೋಣ" ಅಂದೆ. ಇದು ಅಪ್ಪನ ಮಾತು. ಮುಕ್ಕಾಲು ಗಂಟೆಗೆ ವಾಪಸು ಬಂದು ಕೈ ಚಾಚಿದರು. ಮೂಸಿದೆ. ಸಾಗು, ಅದರ ಮೇಲೆ ಹೋಟೆಲಿನ ಕೈ ತೊಳೆಯುವ ಸೋಪು. ತಪ್ಪು ನನ್ನದೇ, ಬಲಗೈಗೆ ಹಚ್ಚಿದ್ದೆ. ಎಡಗೈ ಅಂಗಿ ಮಡಿಸಿ ಮೊಣಕೈ ಒಳಗಡೆ ಹಚ್ಚಿ ಕಳಿಸಿದೆ.

ಸಂಜೆ ಆರೂವರೆಗೆ ಮನೆಯವರನ್ನು ಕರೆದುಕೊಂಡು ಬಂದರು. ಆಯಮ್ಮ ನನ್ನ ಕಡೆ ನೋಡಲಿಲ್ಲ, ಗಂಡನ ತೋಳು ಎತ್ತಿ ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದು ಪರವಾಗಿಲ್ಲ," ಅಂದರು. "ಎಷ್ಟು?"