ಹರ್ಪಿಸ್ ಅಂದರೆ ಬೈಗುಳವಲ್ಲ

ವಿರಾಜಪೇಟೆ ಕಡೆಯ ತೋಟದವರ ವಾಟ್ಸಾಪ್ ಗುಂಪಿನಲ್ಲಿ ಈ ಮಳೆಗಾಲವೂ ಅದೇ ಮಾತು. ಯಾರಿಗೋ ಸರ್ಪಸುತ್ತು ಆಗಿದೆ, ಡಾಕ್ಟರ ಚೀಟಿಯಲ್ಲಿ ‘ಹರ್ಪಿಸ್ ಜೋಸ್ಟರ್’ ಅಂತಿದೆ, ಹಾಗಾದರೆ ಅದು ‘ಆ ಥರದ’ ಕಾಯಿಲೆಯೇ ಅಂತ ಪಿಸುಮಾತು. ಅದರ ಕೆಳಗೇ ಇನ್ನೊಬ್ಬರ ಸಲಹೆ: ‘ಒಳ್ಳೆ ಆಂಟಿಬಯೋಟಿಕ್ ಹಾಕಿಸಿ, ಬೇರುಸಹಿತ ಹೋಗುತ್ತೆ.’ ಎಷ್ಟು ಸಲ ಅಂತ ಸುಮ್ಮನಿರುವುದು?

ಮೊದಲು ಹೆಸರು. ಗ್ರೀಕಿನಲ್ಲಿ ‘ಹೆರ್ಪೈನ್’ ಅಂದರೆ ತೆವಳು, ಹರಿದಾಡು. ಚರ್ಮದ ಮೇಲೆ ಹರಿಯುತ್ತಾ ಹೋಗುವ ಹುಣ್ಣನ್ನು ಅಲ್ಲಿನ ಹಳೇ ವೈದ್ಯರು ಹರ್ಪಿಸ್ ಅಂದರು. ಸಂಸ್ಕೃತದಲ್ಲಿ ‘ಸ’ದಿಂದ ಶುರುವಾಗುವ ಎಷ್ಟೋ ಪದಗಳು ಗ್ರೀಕಿನಲ್ಲಿ ‘ಹ’ದಿಂದ ಶುರುವಾಗುತ್ತವೆ. ಇಲ್ಲಿಯ ಸಪ್ತ ಅಲ್ಲಿ ಹೆಪ್ಟ. ಇಂಥ ಬದಲಾವಣೆ ನಮಗೇನೂ ಹೊಸದಲ್ಲ. ಹಳಗನ್ನಡದ ಪಾವು ಹಾವಾಯಿತು, ಕೊಡವರ ಮಾತು ಕೊಡವ ತಕ್ಕಿನಲ್ಲಿ ಇನ್ನೂ ‘ಪಾಂಬು’ ಉಳಿದಿದೆ. ‘ಹೆರ್ಪ್’ನ ‘ಹ’ ತೆಗೆದು ‘ಸ’ ಇಟ್ಟು ನೋಡಿ, ಸರ್ಪ ಎದುರಿಗೆ ಬಂದು ನಿಲ್ಲುತ್ತದೆ. ಎರಡೂ ಒಂದೇ ಬೇರಿನ ಪದಗಳು. ಇನ್ನು ಜೋಸ್ಟರ್ ಅಂದರೆ ಸೊಂಟಕ್ಕೆ ಸುತ್ತುವ ಪಟ್ಟಿ, ಕೊಡವರು ಕುಪ್ಯ ಅನ್ನುವ ಉದ್ದಂಗಿಯ ಮೇಲೆ ಕಟ್ಟುವ ಚೇಲೆಯ ಹಾಗೆ. ಹರ್ಪಿಸ್ ಜೋಸ್ಟರ್ ಅಂದರೆ ಸರ್ಪ, ಸುತ್ತು. ಚೀಟಿಯಲ್ಲಿ ಇದ್ದದ್ದು ನಮ್ಮಜ್ಜಿ ಹೇಳುತ್ತಿದ್ದ ಹೆಸರೇ, ಅಲ್ವಾ?

ಆದರೆ ಚೇಲೆ ಪೂರ್ತಿ ಸುತ್ತು ಬರುತ್ತದೆ, ಇದು ಅರ್ಧಕ್ಕೇ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ನ ವೈರಸ್ ಬೆನ್ನುಹುರಿ ಪಕ್ಕದ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗಲೋ, ಮೈಯ ಶಕ್ತಿ ಕುಂದಿದಾಗಲೋ ಎದ್ದು ಒಂದು ನರ ಹಿಡಿದು ಹೊರಗೆ ಬರುತ್ತದೆ. ಆ ನರ ಮೈಯ ಒಂದೇ ಪಕ್ಕಕ್ಕೆ ಸೇರಿದ್ದು. ಹಾಗಾಗಿ ಗುಳ್ಳೆಗಳ ಸಾಲು ಬೆನ್ನಿನಿಂದ ಹೊರಟು, ಪಕ್ಕೆ ಬಳಸಿ, ಎದೆಯ ನಡುಗೆರೆ ಹತ್ತಿರ ನಿಂತುಬಿಡುತ್ತದೆ. ತಲೆಯೂ ಬಾಲವೂ ಕೂಡಿದರೆ ಆಳು ಉಳಿಯಲ್ಲ ಅನ್ನುವ ಹೆದರಿಕೆಗೆ ಬುಡವೇ ಇಲ್ಲ.

‘ಆ ಥರದ’ ಅಂತ ಪಿಸುಗುಟ್ಟುವುದು ಇದರ ದಾಯಾದಿ ಹರ್ಪಿಸ್ ಸಿಂಪ್ಲೆಕ್ಸ್ ಬಗ್ಗೆ. ಅದರಲ್ಲೂ ಎರಡು ಬಗೆ. ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲಿ ಏಳುವ ಗುಳ್ಳೆ ಹೆಚ್ಚಾಗಿ ಒಂದನೇ ಬಗೆಯದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 50 ವರ್ಷದೊಳಗಿನ ಸುಮಾರು ಮೂರನೇ ಎರಡು ಪಾಲು ಜನರಲ್ಲಿ ಅದು ಇದೆ. ಪಿಸುಗುಟ್ಟಿದವರಲ್ಲೂ ಜಾಸ್ತಿ ಜನರಿಗೆ ಇದ್ದೀತು. ಎರಡನೆಯದು ಸಾಮಾನ್ಯವಾಗಿ ಗುಪ್ತಾಂಗದ್ದು. ಅದಾದರೂ ಒಂದು ಸೋಂಕು, ನಡತೆಯ ಸರ್ಟಿಫಿಕೇಟ್ ಅಲ್ಲ.

ಈಗ ಮದ್ದು. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಒಡೆದ ಗುಳ್ಳೆ ಕೀವಾದರೆ ಬೇಕಾಗಬಹುದು, ವೈರಸ್‌ಗೆ ಅದರಿಂದ ಏನೂ ಆಗಲ್ಲ. ಇಲ್ಲಿ ಬೇಕಾದದ್ದು ಆಂಟಿವೈರಲ್: ಅಸೈಕ್ಲೋವಿರ್, ಇಲ್ಲವೇ ಮೈಯೊಳಗೆ ಹೋಗಿ ಅಸೈಕ್ಲೋವಿರ್ ಆಗುವ ವಾಲಸೈಕ್ಲೋವಿರ್. ಅಸೈಕ್ಲೋವಿರ್ ಹಿಂದಿನ ಸಂಶೋಧನೆ ನಡೆಸಿದ ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು. ಮದ್ದಿನ ಜಾಣತನ ನೋಡಿ. ವೈರಸ್‌ನ ಸ್ವಂತ ಕಿಣ್ವವೇ ಅದಕ್ಕೆ ಜೀವ ಕೊಡುತ್ತದೆ. ಆಮೇಲೆ ಅದು ವೈರಸ್‌ನ ಡಿಎನ್‌ಎ ನಕಲಾಗುವಾಗ ನಡುವೆ ಹೊಕ್ಕು ಸರಪಳಿ ಮುಂದುವರಿಯದಂತೆ ಮಾಡುತ್ತದೆ. ಸೋಂಕಿಲ್ಲದ ಜೀವಕೋಶದಲ್ಲಿ ಆ ಕಿಣ್ವ ಇಲ್ಲ, ಅಲ್ಲಿ ಅದು ಹೆಚ್ಚುಕಮ್ಮಿ ತೆಪ್ಪಗಿರುತ್ತದೆ.

ನರದ ಬುಡದಲ್ಲಿ ಮಲಗಿದ ವೈರಸ್ ನಕಲು ಮಾಡುತ್ತಿರುವುದಿಲ್ಲ. ಅದರ ಮೇಲೆ ಮದ್ದಿನ ಆಟ ನಡೆಯಲ್ಲ. ‘ಬೇರುಸಹಿತ’ ಅನ್ನುವ ಮಾತು ಬಿಡಿ, ಹತೋಟಿ ಅನ್ನಿ. ಗುಪ್ತಾಂಗದ ಹರ್ಪಿಸ್ ಮತ್ತೆ ಮತ್ತೆ ಬರುವವರಿಗೆ ಪ್ರತಿ ಸಲ ಶುರುವಿನಲ್ಲೇ ಕೆಲವು ದಿನ ಮಾತ್ರೆ ಕೊಡುತ್ತಾರೆ, ಇಲ್ಲವೇ ದಿನಾ ನುಂಗಲು ಹೇಳುತ್ತಾರೆ. ದಿನಾ ತಗೊಂಡರೆ ಸಂಗಾತಿಗೆ ಹರಡುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಸರ್ಪಸುತ್ತಿಗೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಲಾಭ ಜಾಸ್ತಿ. ಮಂತ್ರಿಸಿದ ಕೆಮ್ಮಣ್ಣು ಬಳಿದುಕೊಂಡು ಕಾಯುವುದೂ ಸರಿಯಾಗಿ ಆ ಮೂರು ದಿನವೇ! ಸುತ್ತು ಹೇಗೂ ಕೆಲವು ವಾರದಲ್ಲಿ ತಾನೇ ಒಣಗುತ್ತದೆ, ಹೆಸರು ಕೆಮ್ಮಣ್ಣಿಗೆ. ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯಬಹುದಾದ ನರದ ಉರಿಗೆ ಮಾತ್ರ ಯಾರೂ ಹೊಣೆಯಲ್ಲ. ಹಣೆ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರಂತೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಪಕ್ಕದ ಮನೆಯಲ್ಲಿ ಉಳಿದ ಮಾತ್ರೆ ಇಸಕೊಳ್ಳುವವರೂ ಇದ್ದಾರೆ. ದೊಡ್ಡವರ ಸರ್ಪಸುತ್ತಿಗೆ ಸಾಮಾನ್ಯವಾಗಿ ಬರೆಯುವುದು 800 ಮಿಲಿಗ್ರಾಂ ಅಸೈಕ್ಲೋವಿರ್, ದಿನಕ್ಕೆ 5 ಸಲ, 7 ದಿನ. ತುಟಿಯ ಗುಳ್ಳೆಗೆ ತಂದಿಟ್ಟ ನಾಲ್ಕು ಮಾತ್ರೆ ಇದಕ್ಕೆ ಯಾವ ಮೂಲೆಗೂ ಸಾಲಲ್ಲ. ಮದ್ದು ಹೊರಗೆ ಹೋಗುವುದು ಮೂತ್ರದಲ್ಲಿ. ಹಾಗಾಗಿ ನೀರು ಚೆನ್ನಾಗಿ ಕುಡಿಯಬೇಕು, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರೇ ಲೆಕ್ಕ ಹಾಕಿ ಪ್ರಮಾಣ ಇಳಿಸುತ್ತಾರೆ. ಚೀಟಿ ಕೇಳಿದ ಅಂತ ಮೆಡಿಕಲ್ ಶಾಪಿನ ಹುಡುಗನ ಮೇಲೆ ರೇಗಬೇಡಿ.