ನ್ಯೂಕ್-1 ಎಂಬ ಅಡ್ಡಗೋಡೆ: ಎಚ್‌ಐವಿ ಮತ್ತು ನಮ್ಮ ಕ್ರೊಮ್ಯಾಟಿನ್ ಪ್ರೊಟೀನುಗಳು

ಕ್ರೊಮ್ಯಾಟಿನ್ ಅನ್ನು, ಅಂದರೆ ಡಿಎನ್‌ಎ ಮತ್ತು ಅದನ್ನು ಸುತ್ತಿಟ್ಟ ಪ್ರೊಟೀನುಗಳ ಕಟ್ಟನ್ನು, ಮರುಜೋಡಿಸುವ ನಮ್ಮ ಜೀವಕೋಶದ ಪ್ರೊಟೀನುಗಳು ಎಚ್‌ಐವಿಗೆ ನೆರವಾಗುತ್ತವೆಯೋ, ಅಡ್ಡಿಪಡಿಸುತ್ತವೆಯೋ? ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರೆಲ್ಲ ಇದನ್ನು ಕೇಳುತ್ತಾರೆ. ‘ಯಾವ ಹಂತದಲ್ಲಿ?’ ಎಂದು ತಿರುಗಿ ಕೇಳದೆ ಇದಕ್ಕೆ ಉತ್ತರ ಹೇಳಲಾಗದು.

ಐಎನ್‌ಐ1 ಪ್ರೊಟೀನನ್ನೇ ನೋಡಿ. 1994ರಲ್ಲಿ ಗಂಜಾಂ ಕಲ್ಪನಾ, ಸ್ಟೀಫನ್ ಗಾಫ್ ಮತ್ತು ಸಂಗಡಿಗರು ವೈರಸ್‌ನ ಡಿಎನ್‌ಎಯನ್ನು ನಮ್ಮ ಡಿಎನ್‌ಎಗೆ ಸೇರಿಸುವ ಇಂಟಿಗ್ರೇಸ್ ಕಿಣ್ವಕ್ಕೆ ಅಂಟಿಕೊಳ್ಳುವ ಮಾನವ ಪ್ರೊಟೀನು ಹುಡುಕಿದಾಗ ಸಿಕ್ಕಿದ್ದು ಇದು. ಕೋಶದಲ್ಲಿ ಇದು ಸ್ವಿಚ್-ಸ್ನಿಫ್ ಎಂಬ ಮರುಜೋಡಣೆ ಸಂಕೀರ್ಣದ ಸದಸ್ಯ. ಆದರೆ ಹೊಸ ವೈರಸ್ ಕಣಗಳು ಕಟ್ಟಿಕೊಳ್ಳುವ ಹಂತದಲ್ಲೂ ಇದರ ಕೈವಾಡವಿದೆ. ಇದರ ಎಸ್6 ಎಂಬ ತುಣುಕನ್ನು ಮಾತ್ರ ಕೋಶದೊಳಗೆ ತಯಾರಿಸಿದರೆ ಕಣಗಳ ಉತ್ಪಾದನೆ ಕುಸಿಯುತ್ತದೆ.

ವೈರಸ್‌ನ ಡಿಎನ್‌ಎ ನಮ್ಮ ವರ್ಣತಂತುವಿಗೆ ಸೇರಿದ ಮೇಲಿನ ಕಥೆಯೇ ಹೆಚ್ಚು ಸ್ವಾರಸ್ಯದ್ದು. ಅದರ ಎರಡೂ ತುದಿಯಲ್ಲಿ ಎಲ್‌ಟಿಆರ್ ಎಂಬ, ಸುಮಾರು 634 ಅಕ್ಷರಗಳ ಒಂದೇ ಬಗೆಯ ತುಂಡು ಇರುತ್ತದೆ. ಆರ್‌ಎನ್‌ಎ ನಕಲು ಶುರುವಾಗುವ ಜಾಗದ ತಕ್ಷಣದ ಮುಂದೆ, ಸುಮಾರು +10ರಿಂದ +155ರವರೆಗೆ (ಆ ಜಾಗದಿಂದ ಎಣಿಸಿದ ಅಕ್ಷರಗಳು), ನ್ಯೂಕ್-1 ಎಂಬ ನ್ಯೂಕ್ಲಿಯೊಸೋಮ್, ಅಂದರೆ ಹಿಸ್ಟೋನ್ ಪ್ರೊಟೀನುಗಳ ಉಂಡೆಗೆ ಸುತ್ತಿದ ಡಿಎನ್‌ಎ, ಕೂತಿರುತ್ತದೆ. ಅಲ್ಲಿನ ಡಿಎನ್‌ಎ ಅನುಕ್ರಮ ನ್ಯೂಕ್ಲಿಯೊಸೋಮ್‌ಗೆ ಅಷ್ಟಾಗಿ ಒಗ್ಗುವಂಥದ್ದಲ್ಲ. ಸ್ವಿಚ್-ಸ್ನಿಫ್‌ನ ಒಂದು ರೂಪವಾದ ಬಾಫ್ ಸಂಕೀರ್ಣ ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಅದನ್ನು ಅಲ್ಲಿಗೆ ತಳ್ಳಿ ಕೂರಿಸುತ್ತದೆ. ನಕಲು ನಿಲ್ಲುತ್ತದೆ, ವೈರಸ್ ಸುಪ್ತವಾಗುತ್ತದೆ. ವೈರಸ್‌ನ ಟ್ಯಾಟ್ ಪ್ರೊಟೀನು ಅಸಿಟೈಲ್ ಗುಂಪು ಪಡೆದಾಗ ಬಾಫ್‌ನ ದಾಯಾದಿಯಾದ ಪಿಬಾಫ್ ಬಂದು ನಕಲಿಗೆ ಬೆಂಬಲ ಕೊಡುತ್ತದೆ. ಒಂದೇ ಮನೆತನ, ಎರಡು ವಿರುದ್ಧ ಕೆಲಸ.

ಪ್ರಯೋಗ ಎಡವುವುದು ಇಲ್ಲಿಯೇ. ಎಟಿಪಿ ಖರ್ಚು ಮಾಡುವ ಬಿಆರ್‌ಜಿ1 ಪ್ರೊಟೀನಾಗಲಿ ಐಎನ್‌ಐ1 ಆಗಲಿ ಎರಡೂ ಸಂಕೀರ್ಣಗಳಲ್ಲಿವೆ. ಕೋಶದಲ್ಲಿ ಅವುಗಳ ಪ್ರಮಾಣ ತಗ್ಗಿಸಿದರೆ ಬರುವ ಫಲಿತಾಂಶ ಯಾವ ಸಂಕೀರ್ಣದ್ದೆಂದು ಹೇಳುವುದಕ್ಕೆ ಬರುವುದಿಲ್ಲ. ಒಂದೊಂದರಲ್ಲಿ ಮಾತ್ರ ಇರುವ ಸದಸ್ಯ ಪ್ರೊಟೀನನ್ನು, ಅಂದರೆ ಬಾಫ್‌ಗೆ ಬಾಫ್250ಎ, ಪಿಬಾಫ್‌ಗೆ ಬಾಫ್180 ಅಥವಾ ಬಾಫ್200, ಆರಿಸಿಕೊಳ್ಳಿ. ಸುಪ್ತ ವೈರಸ್ ಇರುವ, ಅದು ಎದ್ದರೆ ಹಸಿರಾಗಿ ಹೊಳೆಯುವ ಜೆ-ಲ್ಯಾಟ್ ಕೋಶಗಳಲ್ಲಿ ತಗ್ಗಿಸಿ ಹಸಿರು ಹೊಳಪನ್ನು ಎಣಿಸಿದರೆ ನಕಲಿನ ಹಂತದ ಉತ್ತರ ಸಿಗುತ್ತದೆ. ಸೋಂಕಿಗೆ ಮೊದಲೇ ತಗ್ಗಿಸಿದರೆ ಸೇರ್ಪಡೆಯ ಹಂತವೂ ಅದರೊಳಗೆ ಬೆರೆಯುತ್ತದೆ. ಆಗ ನಮ್ಮ ಡಿಎನ್‌ಎಯ ಆಲು ತುಣುಕಿನಿಂದ ವೈರಸ್‌ನ ಗ್ಯಾಗ್ ಜೀನಿನವರೆಗೆ ನಕಲಿಸುವ ಆಲು-ಗ್ಯಾಗ್ ಪಿಸಿಆರ್‌ನಿಂದ ಸೇರ್ಪಡೆಯನ್ನು ಬೇರೆಯಾಗಿ ಅಳೆಯಲೇಬೇಕು.

ನ್ಯೂಕ್-1 ನಿಜಕ್ಕೂ ಸರಿಯಿತೇ ಎಂದು ನೋಡಲು ಕ್ರೊಮ್ಯಾಟಿನ್ ತುಂಡು ಮಾಡಿ, ಹಿಸ್ಟೋನ್ ಇರುವ ತುಂಡುಗಳನ್ನು ಪ್ರತಿಕಾಯದಿಂದ ಹಿಡಿದು, ಪಿಸಿಆರ್‌ನಿಂದ ಅಳೆಯುತ್ತಾರೆ. ಅದಕ್ಕೆ ಮೊದಲು ಕೋಶಗಳನ್ನು 1% ಫಾರ್ಮಾಲ್ಡಿಹೈಡ್‌ನಲ್ಲಿ 10 ನಿಮಿಷ ಇಟ್ಟು, 125 ಮಿಲಿಮೋಲಾರ್ ಗ್ಲೈಸಿನ್ ಹಾಕಿ ನಿಲ್ಲಿಸುವುದು ವಾಡಿಕೆ. ಹೆಚ್ಚು ಹೊತ್ತು ಇಟ್ಟರೆ ಕ್ರೊಮ್ಯಾಟಿನ್ ಸರಿಯಾಗಿ ತುಂಡಾಗುವುದಿಲ್ಲ, ಪ್ರತಿಕಾಯ ಹಿಡಿಯಬೇಕಾದ ಜಾಗವೂ ಮುಚ್ಚಿಹೋಗುತ್ತದೆ. ಧ್ವನಿತರಂಗದಿಂದ 200–500 ಅಕ್ಷರಗಳ ತುಂಡು ಮಾಡಿದರೆ ಪಕ್ಕದ ತೆರೆದ ಭಾಗವೂ ಅದೇ ತುಂಡಿನಲ್ಲಿ ಬಂದು ಚಿತ್ರ ಮಸುಕಾಗುತ್ತದೆ. ಡಿಎನ್‌ಎ ಕತ್ತರಿಸುವ ಮೈಕ್ರೋಕಾಕಲ್ ನ್ಯೂಕ್ಲಿಯೇಸ್ ಕಿಣ್ವದಿಂದ ಒಂದೊಂದೇ ನ್ಯೂಕ್ಲಿಯೊಸೋಮ್ ಬಿಡಿಸಿ, 147 ಅಕ್ಷರಗಳ ಆಸುಪಾಸಿನ ತುಂಡು ಬಂದಿದೆಯೇ ಎಂದು ಜೆಲ್‌ನಲ್ಲಿ ನೋಡಿಕೊಂಡು ಮುಂದುವರಿಯುವುದು ನನ್ನ ಸಲಹೆ. ಪಿಸಿಆರ್‌ನ ಗಡಿ ಗುರುತಿಸುವ ಪ್ರೈಮರ್ ಜೋಡಿ ಎರಡೂ ಎಲ್‌ಟಿಆರ್‌ನೊಳಗೇ ಕೂತರೆ 3' ತುದಿಯದ್ದೂ ಲೆಕ್ಕಕ್ಕೆ ಸೇರುತ್ತದೆ. ಧ್ವನಿತರಂಗದ ಉದ್ದ ತುಂಡುಗಳಾದರೆ ಒಂದು ಪ್ರೈಮರ್ ಎಲ್‌ಟಿಆರ್ ದಾಟಿ ಗ್ಯಾಗ್ ಕಡೆಯ ಭಾಗಕ್ಕೆ ಕಚ್ಚಿಕೊಳ್ಳುವಂತಿರಲಿ. 147 ಅಕ್ಷರಗಳ ತುಂಡಿನಲ್ಲಿ ಇದು ಆಗದು, ಏಕೆಂದರೆ ನ್ಯೂಕ್-1 ಎಲ್‌ಟಿಆರ್‌ನೊಳಗೇ ಮುಗಿಯುತ್ತದೆ; ಅಲ್ಲಿ 3' ತುದಿಯದ್ದೂ ಸೇರಿದೆ ಎಂಬುದನ್ನು ನೆನಪಿಟ್ಟುಕೊಂಡೇ ಫಲಿತಾಂಶ ಓದಬೇಕು.

ಬಾಫ್ ತಡೆದರೆ ವೈರಸ್ ಏಳುತ್ತದೆ ಎಂಬುದು ಈಗ ರೋಗಿಗಳಲ್ಲೂ ಕಂಡಿದೆ. ಹಳೆಯ ಪರಾವಲಂಬಿ-ನಿರೋಧಕ ಔಷಧ ಪಿರಿಮೆಥಮೈನ್ ಬಾಫ್ ಅನ್ನು ತಡೆಯುತ್ತದೆ. 2023ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗದಲ್ಲಿ ಅದನ್ನು ಪಡೆದವರ ಕೋಶಗಳಲ್ಲಿ ಎಚ್‌ಐವಿ ಆರ್‌ಎನ್‌ಎ ಏರಿತು, ಆದರೆ ಸುಪ್ತ ವೈರಸ್‌ನ ದಾಸ್ತಾನು ಕರಗಲಿಲ್ಲ. ಎಬ್ಬಿಸುವುದೇ ಬೇರೆ, ಎದ್ದ ಕೋಶ ಸಾಯುವುದೇ ಬೇರೆ. ಆ ಎರಡನೆಯದಕ್ಕೆ ಪ್ರತಿರಕ್ಷಣೆಯ ನೆರವು ಬೇಕು.

ಇನ್ನೊಂದು ವಿಷಯವನ್ನು ನಮ್ಮವರು ಮರೆಯಬಾರದು. ಜೆ-ಲ್ಯಾಟ್‌ನಲ್ಲಿರುವುದು ಬಿ ಉಪಪ್ರಕಾರದ ವೈರಸ್. ಭಾರತದಲ್ಲಿ ಹರಡಿರುವುದು ಹೆಚ್ಚಾಗಿ ಸಿ. ಬಿ ಎಲ್‌ಟಿಆರ್‌ನಲ್ಲಿ ನಕಲಿಗೆ ಚಾಲನೆ ಕೊಡುವ ಎನ್ಎಫ್-ಕಪ್ಪಾಬಿ ಪ್ರೊಟೀನು ಕೂರುವ ತಾಣ ಸಾಮಾನ್ಯವಾಗಿ 2, ಸಿಯಲ್ಲಿ 3. 4 ತಾಣಗಳಿರುವ ತಳಿಗಳನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ ವರದಿ ಮಾಡಿದೆ. ಹಿಸ್ಟೋನ್‌ನ ಅಸಿಟೈಲ್ ಕಿತ್ತು ನಕಲನ್ನು ತಗ್ಗಿಸುವ ಕಿಣ್ವಗಳನ್ನು ಎನ್ಎಫ್-ಕಪ್ಪಾಬಿ ಮನೆತನದ ಪಿ50 ಪ್ರೊಟೀನು ಕರೆತರುವುದು ಇದೇ ತಾಣಗಳಿಗೆ. ಹಾಗಾಗಿ ಇಲ್ಲಿನ ಸೋಂಕಿತರಿಗೆ ಅನ್ವಯಿಸುವ ಉತ್ತರ ಬೇಕೆಂದರೆ ಸಿ ಎಲ್‌ಟಿಆರ್ ಇರುವ ಕೋಶಗಳಲ್ಲೇ, 3 ತಾಣದವನ್ನೂ 4 ತಾಣದವನ್ನೂ ಅಕ್ಕಪಕ್ಕದಲ್ಲಿಟ್ಟು ಇದೇ ಪರೀಕ್ಷೆ ನಡೆಸಬೇಕು.