ನಾಯಿಗೆ ಸೊಕ್ಕು ಬಂದಿಲ್ಲ, ಎಲ್ಲೋ ನೋಯುತ್ತಿದೆ

ಹೋದ ಮಳೆಗಾಲದಲ್ಲಿ ಸಾಗರದ ಕಡೆಯ ಹಿರಿಯರೊಬ್ಬರು ಆರು ವರ್ಷದ ಲ್ಯಾಬ್ರಡಾರ್ ನಾಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಬಾಯಿಗೆ ಟವೆಲ್ ಸುತ್ತಿದ್ದರು. "ಡಾಕ್ಟ್ರೇ, ಇದಕ್ಕೆ ಸೊಕ್ಕು ಜಾಸ್ತಿಯಾಗಿದೆ. ನಿನ್ನೆ ಮೊಮ್ಮಗಳಿಗೆ ಬಾಯಿ ಹಾಕೋಕೆ ಹೋಯ್ತು. ತೋಟದವರು ಯಾರಾದ್ರೂ ಇದ್ರೆ ಹೇಳಿ, ಕೊಟ್ಟುಬಿಡ್ತೀನಿ" ಅಂದರು. ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಮಗು ಮಾಡಿದ್ದು ಇಷ್ಟೇ. ದಿನಾ ಮಾಡುವ ಹಾಗೆ ಅದರ ತಲೆ ಸವರಿತ್ತು. ಹಲ್ಲು ತಾಗಿರಲಿಲ್ಲ. ನಾನು ಮೊದಲು ರೇಬೀಸ್ ಲಸಿಕೆಯ ಕಾರ್ಡ್ ನೋಡಿದೆ, ಸರಿಯಾಗಿತ್ತು. ಆಮೇಲೆ ಎಡಗಿವಿ ಎತ್ತಿದೆ. ಹುಳಿ ವಾಸನೆ ಮೂಗಿಗೆ ಬಡಿಯಿತು. ಒಳಗೆಲ್ಲ ಕೆಂಪು, ಕಂದು ಬಣ್ಣದ ಗಸಿ. ನಾಯಿಯ ಕಿವಿಯ ದಾರಿ ನಮ್ಮದರ ಹಾಗಲ್ಲ. ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಜೋಲು ಕಿವಿ, ಬಿಡದೆ ಸುರಿಯುವ ಮಲೆನಾಡಿನ ಮಳೆ, ಹಳ್ಳದಲ್ಲಿ ಈಜು. ಒಳಗೆ ನಿಂತ ತೇವ ಆರಲು ಪುರುಸೊತ್ತೇ ಇರಲಿಲ್ಲ. ಆ ಕಿವಿಯ ಬುಡ ಮುಟ್ಟಿದರೆ ನೀವಾದರೂ ಕಿರುಚುತ್ತಿದ್ದಿರಿ. ಕಿವಿ ತೊಳೆದು, ಔಷಧ ಹಾಕಿ ಮೂರು ವಾರಕ್ಕೆ ಅದು ಮೊದಲಿನ ಹಾಗಾಯಿತು. ಈಗಲೂ ಅದೇ ಮನೆಯಲ್ಲಿದೆ.

ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಕಾಯಿಲೆಯ ಹೆಸರು ಹೇಳುವುದಿಲ್ಲ. ನಾಯಿಯ ಗುಣದ ಬಗ್ಗೆ ಹೇಳುತ್ತಾರೆ. ಸೊಕ್ಕು, ಸೋಮಾರಿತನ, ಹಟ, ಬೇಜಾರು, ದೃಷ್ಟಿ ತಾಗಿದೆ ಅಂತೆಲ್ಲ. ವರ್ಷಗಟ್ಟಲೆ ಒಂದೇ ರೀತಿ ಇದ್ದ ನಾಯಿ ನಾಲ್ಕು ದಿನದಲ್ಲಿ ಬದಲಾದರೆ ಅದರ ಬುದ್ಧಿ ಬದಲಾಗಿದೆ ಅನ್ನುವುದನ್ನು ನಾನು ನಂಬುವುದಿಲ್ಲ. ಮೊದಲು ಮೈ ನೋಡುತ್ತೇನೆ. ಮೈಯಲ್ಲಿ ಏನೂ ಸಿಗದಿದ್ದಾಗ ಮಾತ್ರ ಮನಸ್ಸಿನ ಮಾತು.

ಬೇಜಾರಿನ ವಿಷಯಕ್ಕೆ ಬರುತ್ತೇನೆ. ಒಂದು ಮನೆಯಲ್ಲಿ ಮಗ ಓದಲು ಬೆಂಗಳೂರಿಗೆ ಹೋದ. ಅದೇ ವಾರದಿಂದ ನಾಯಿ ಊಟ ಬಿಟ್ಟಿತು, ಮಂಚದ ಕೆಳಗೆ ಸೇರಿಕೊಂಡಿತು. "ಅಣ್ಣ ಇಲ್ಲ ಅಂತ ಕೊರಗ್ತಿದೆ" ಅಂದುಕೊಂಡು ಮನೆಯವರು ಹತ್ತು ದಿನ ಕಾದರು. ವಿಡಿಯೋ ಕಾಲ್‌ನಲ್ಲಿ ಮಗನ ದನಿಯನ್ನೂ ಕೇಳಿಸಿದರು. ನನ್ನ ಹತ್ತಿರ ತಂದಾಗ ಜ್ವರ 104.5 ಡಿಗ್ರಿ ಫ್ಯಾರನ್‌ಹೀಟ್, ವಸಡು ಬಿಳಿಚಿತ್ತು, ಹೊಟ್ಟೆಯ ಚರ್ಮದ ಮೇಲೆ ರಕ್ತದ ಸಣ್ಣ ಸಣ್ಣ ಚುಕ್ಕೆ. ಉಣುಗಿನ ಜ್ವರ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಕಡಿಮೆಯಾಗಿತ್ತು.

ನಮ್ಮ ಕಡೆ ನಾಯಿ ಇದ್ದಕ್ಕಿದ್ದಂತೆ ಮಂಕಾದರೆ ನನಗೆ ಮೊದಲು ನೆನಪಾಗುವುದು ಇದೇ. ಎರ್ಲಿಕಿಯಾ, ಬಬೇಸಿಯಾ ಎಂಬ ಸೂಕ್ಷ್ಮಜೀವಿಗಳು ಉಣುಗು ಕಚ್ಚಿದಾಗ ರಕ್ತ ಸೇರುತ್ತವೆ. ಕೆಲವು ನಾಯಿಗಳಿಗೆ ಮೂಗಿನಿಂದ ರಕ್ತ ಬರುತ್ತದೆ. ಬಬೇಸಿಯಾ ಆದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು. "ನಮ್ಮ ನಾಯಿ ಮೈಮೇಲೆ ಉಣುಗೇ ಇಲ್ಲ" ಅಂದರೂ ನಾನು ಪರೀಕ್ಷೆ ಮಾಡಿಸುತ್ತೇನೆ. ಕಚ್ಚಿದ ಉಣುಗು ಯಾವತ್ತೋ ಉದುರಿ ಹೋಗಿರುತ್ತದೆ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಬೇಕು. ಐದನೇ ದಿನಕ್ಕೆ ನಾಯಿ ಬಾಲ ಅಲ್ಲಾಡಿಸಿ ಅನ್ನ ತಿನ್ನುತ್ತದೆ, ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೇ ಸಲ ಬಂದಾಗ ಉಳಿಸುವುದು ಕಷ್ಟ.

ಮಂಗನ ಕಾಯಿಲೆಯಾ ಇದು ಅಂತ ಸುಮಾರು ಜನ ಕೇಳುತ್ತಾರೆ. ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಆ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ನಾಯಿಯ ಮೈಮೇಲೆ, ಗೋಡೆಯ ಬಿರುಕಿನಲ್ಲಿ ಬೆಳೆಯುವ ಕಂದು ಉಣುಗು ಬೇರೆ ಜಾತಿ. ಆದರೆ ಕಾಡು ಸುತ್ತಿ ಬಂದ ನಾಯಿಗೆ ಕಾಡಿನ ಉಣುಗೂ ಹತ್ತಿಕೊಂಡು ಬರಬಹುದು. ಅಂಥ ನಾಯಿಯನ್ನು ಹಾಸಿಗೆಗೆ ಬಿಟ್ಟುಕೊಳ್ಳಬೇಡಿ.

ಜ್ವರ ಇದೆಯಾ ಅಂತ ಮೂಗು ಮುಟ್ಟಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಇರುತ್ತದೆ. ವಸಡು ನೋಡುವುದು ಒಳ್ಳೆಯದು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ನೆಟ್ಟಗಿದ್ದಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ, ಬದಲಾದಾಗ ತಿಳಿಯುತ್ತದೆ. ಇನ್ನೊಂದು ಮಾತು. ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಅರ್ಧ ಮಾತ್ರೆ ತಾನೇ ಅನ್ನಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ, ಲಿವರ್ ಕೆಟ್ಟು ಬಂದ ನಾಯಿಗಳನ್ನು ನೋಡಿದ್ದೇನೆ.

ಹೆಣ್ಣು ನಾಯಿ ಸಾಕಿದವರಿಗೆ ನನ್ನ ಮೊದಲ ಪ್ರಶ್ನೆ, ಬೆದೆಗೆ ಬಂದದ್ದು ಯಾವಾಗ? ಬೆದೆ ಕಳೆದು ಒಂದೆರಡು ತಿಂಗಳಿಗೆ ಕೆಲವು ನಾಯಿಗಳು ಹಳೇ ಚಪ್ಪಲಿಯನ್ನೋ ಗೊಂಬೆಯನ್ನೋ ಮೂಲೆಗೆ ಒಯ್ದು ಮರಿಯಂತೆ ಕಾಯುತ್ತವೆ. ಹತ್ತಿರ ಹೋದರೆ ಗುರ್ ಅನ್ನುತ್ತವೆ. ಹಾಲೂ ಇಳಿಯಬಹುದು. ಇದು ಸುಳ್ಳು ಬಸಿರು, ಎರಡು ಮೂರು ವಾರದಲ್ಲಿ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಹಾಲು ಹಿಂಡಬೇಡಿ, ಹಿಂಡಿದಷ್ಟೂ ಬರುತ್ತದೆ. ಆದರೆ ಅದೇ ದಿನಗಳಲ್ಲಿ ನಾಯಿ ಬಕೆಟ್‌ಗಟ್ಟಲೆ ನೀರು ಕುಡಿದು, ಮನೆಯೊಳಗೇ ಮೂತ್ರ ಮಾಡಿ, ಊಟ ಬಿಟ್ಟು ಮಲಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಸೋರಿದರೆ ಬೇಗ ಗೊತ್ತಾಗುತ್ತದೆ. ಸೋರದೆ ಒಳಗೇ ಉಳಿದರೆ ಅಪಾಯ ಜಾಸ್ತಿ. ಒಬ್ಬ ತಾಯಿ ತಮ್ಮ ಒಂಬತ್ತು ವರ್ಷದ ಪಾಮರೇನಿಯನ್ ನಡುಮನೆಯಲ್ಲಿ ಉಚ್ಚೆ ಮಾಡಿತೆಂದು ಹೊಡೆದಿದ್ದರು. ಆಪರೇಷನ್ ಆದ ಮೇಲೆ ಅದರ ಪಕ್ಕ ಕೂತು ಬಹಳ ಹೊತ್ತು ಅತ್ತರು. ಬುದ್ಧಿ ಕಲಿತ ನಾಯಿ ಒಳಗೆ ಮೂತ್ರ ಮಾಡಿದರೆ ಕೋಲು ತೆಗೆಯಬೇಡಿ, ಮೂತ್ರ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ, ಮೂತ್ರಕೋಶದ ಸೋಂಕು, ಕಿಡ್ನಿ ತೊಂದರೆ ಎಲ್ಲವೂ ಹೀಗೇ ಶುರುವಾಗುತ್ತವೆ.

ಬೆಳಗಾಗುವವರೆಗೆ ಕಾಯಬಾರದ ಬದಲಾವಣೆಗಳೂ ಇವೆ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರದ ಎದೆ ಆಳವಿರುವ ದೊಡ್ಡ ನಾಯಿ ಊಟವಾದ ಮೇಲೆ ಕೂತಲ್ಲಿ ಕೂರದೆ ಓಡಾಡುತ್ತಿದೆ, ಹೊಟ್ಟೆ ಉಬ್ಬಿದೆ, ವಾಂತಿಗೆ ಒದ್ದಾಡಿದರೂ ಏನೂ ಬರುತ್ತಿಲ್ಲ. ಹೊಟ್ಟೆ ತಿರುಚಿಕೊಂಡಿರಬಹುದು. ಓಮಿನ ನೀರು, ಸೋಡಾ ಕುಡಿಸುತ್ತ ಕೂರಬೇಡಿ, ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುತ್ತದೆ. ಜೊಲ್ಲು, ನಡುಕ, ತೂರಾಟ ಕಂಡರೆ ವಿಷ ನೆನಪಿರಲಿ. ಎಷ್ಟೋ ಸಲ ಅದನ್ನು ಹಾಕಿದವರು ಮನೆಯವರೇ. ದನಕ್ಕೆ ಹಚ್ಚುವ ಉಣುಗಿನ ಔಷಧವನ್ನು ಅಂದಾಜಿನಲ್ಲಿ ನಾಯಿಯ ಮೈಗೆ ಸುರಿದಿರುತ್ತಾರೆ, ಅದು ನೆಕ್ಕಿಕೊಂಡಿರುತ್ತದೆ. ಬರುವಾಗ ಡಬ್ಬಿಯನ್ನೂ ತನ್ನಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಡಬ್ಬಿಯ ಮೇಲಿನ ಹೆಸರು ಗೊತ್ತಾದರೆ ನನಗೆ ಅರ್ಧ ಗಂಟೆ ಉಳಿಯುತ್ತದೆ.

ಇನ್ನು ರೇಬೀಸ್. ಹುಚ್ಚುನಾಯಿ ಅಂದರೆ ಬೀದಿಯಲ್ಲಿ ಓಡುತ್ತ ಸಿಕ್ಕಿದ್ದನ್ನೆಲ್ಲ ಕಚ್ಚುವ ನಾಯಿ ಅಂತ ನಮ್ಮ ಕಲ್ಪನೆ. ಸುಮ್ಮನಾಗುವ ರೇಬೀಸ್ ಕೂಡ ಇದೆ, ನನಗೆ ಅದರ ಭಯವೇ ಹೆಚ್ಚು. ಗದ್ದಲದ ನಾಯಿ ಕತ್ತಲೆ ಮೂಲೆ ಸೇರುತ್ತದೆ. ಅಥವಾ ಹತ್ತಿರ ಬಾರದ ನಾಯಿ ಇದ್ದಕ್ಕಿದ್ದಂತೆ ಮೈಮೇಲೆ ಬಿದ್ದು ಪ್ರೀತಿ ತೋರಿಸುತ್ತದೆ. ಬೊಗಳುವ ದನಿ ಒಡೆಯುತ್ತದೆ. ಆಮೇಲೆ ಕೆಳದವಡೆ ಜೋತುಬಿದ್ದು ಬಾಯಿ ತೆರೆದೇ ಇರುತ್ತದೆ, ಜೊಲ್ಲು ಸುರಿಯುತ್ತದೆ. ನೋಡಿದವರು ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದುಕೊಳ್ಳುತ್ತಾರೆ. ಒಂದು ಮನೆಯಲ್ಲಿ ಅಪ್ಪ, ಮಗ, ತೋಟದ ಆಳು ಮೂವರೂ ಸರದಿಯಲ್ಲಿ ಅಂಥ ನಾಯಿಯ ಬಾಯಿಗೆ ಕೈ ಹಾಕಿ ಮೂಳೆ ಹುಡುಕಿದ್ದರು. ಆಳಿನ ಕೈಯಲ್ಲಿ ಅಡಿಕೆ ಸುಲಿಯುವಾಗ ಆದ ಗಾಯವಿತ್ತು. ನಾಯಿಗೆ ಲಸಿಕೆಯೇ ಆಗಿರಲಿಲ್ಲ. ನಾಯಿಯನ್ನು ಬೇರೆ ಇಟ್ಟು, ಮೂವರನ್ನೂ ಆ ಕ್ಷಣವೇ ಆಸ್ಪತ್ರೆಗೆ ಕಳಿಸಿದೆ. ನಾಯಿ ಎರಡನೇ ದಿನ ಸತ್ತಿತು. ಮೂವರೂ ಲಸಿಕೆ ಪೂರ್ತಿ ತೆಗೆದುಕೊಂಡರು, ಚೆನ್ನಾಗಿದ್ದಾರೆ.

ಬಾಯಿ ತೆರೆದು ನಿಂತ ನಾಯಿಯ ಗಂಟಲಿಗೆ ಬರಿಗೈ ಹಾಕಬೇಡಿ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಕ್ಕುಳಿನ ಸುತ್ತ 14 ಸೂಜಿ ಅನ್ನುವ ಕಾಲ ಎಂದೋ ಮುಗಿಯಿತು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೇ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇನ್ನೊಂದು ಔಷಧವನ್ನೂ ಕೊಡುತ್ತಾರೆ. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲದೆ, ಕಟ್ಟಿಹಾಕಿ ಹತ್ತು ದಿನ ಗಮನಿಸಿ. ಆದರೆ ಹತ್ತು ದಿನ ಆಗಲಿ ಅಂತ ನಿಮ್ಮ ಲಸಿಕೆ ತಡಮಾಡಬೇಡಿ. ಲಕ್ಷಣ ಕಾಣಿಸಿದ ಮೇಲೆ ನಾಯಿಗೂ ಮನುಷ್ಯರಿಗೂ ಈ ಕಾಯಿಲೆಗೆ ಮದ್ದಿಲ್ಲ. ಮರಿಗೆ ಮೂರು ತಿಂಗಳಿಗೆ ಹಾಕಿಸುವ ಸೂಜಿ, ಆಮೇಲೆ ವರ್ಷಕ್ಕೊಮ್ಮೆ ಬೂಸ್ಟರ್. ಇದಕ್ಕಿಂತ ಅಗ್ಗದ ರಕ್ಷಣೆ ನನಗೆ ಗೊತ್ತಿಲ್ಲ.

ಎಷ್ಟೋ ನಾಯಿಗಳು ಕ್ಲಿನಿಕ್ಕಿನ ಮೇಜಿನ ಮೇಲೆ ಹೆದರಿ, ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಮಾಡುವುದೇ ಇಲ್ಲ. ಅದಕ್ಕೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ. ಕುಂಟುವುದು, ಕೆಮ್ಮುವುದು, ಫಿಟ್ಸ್, ಗೋಡೆ ನೋಡುತ್ತ ನಿಲ್ಲುವುದು, ಅರ್ಧ ನಿಮಿಷದ್ದು ಇದ್ದರೂ ಸಾಕು.

ಗೋಡೆ ನೋಡುತ್ತ ನಿಲ್ಲುವುದು ಮುದಿ ನಾಯಿಗಳಲ್ಲಿ ಜಾಸ್ತಿ. ಹನ್ನೆರಡು ಹದಿಮೂರು ವರ್ಷದ ನಾಯಿ ರಾತ್ರಿಯೆಲ್ಲ ಓಡಾಡುತ್ತದೆ, ಬಾಗಿಲಿನ ತಪ್ಪು ಬದಿಯಲ್ಲಿ ಕಾಯುತ್ತದೆ, ಕರೆದರೆ ಗುರುತಿಲ್ಲದವರಂತೆ ನೋಡುತ್ತದೆ. ನಮ್ಮ ಅಜ್ಜ ಅಜ್ಜಿಯರಿಗೆ ಬರುವ ಮರೆವಿನಂಥದ್ದೇ ಇದು. ಅದಕ್ಕೂ ಮೊದಲು ಕಣ್ಣು, ಕಿವಿ, ಹಲ್ಲು, ಕೀಲು ಪರೀಕ್ಷಿಸುತ್ತೇನೆ. ಎಷ್ಟೋ ಸಲ ರಾತ್ರಿಯ ಓಡಾಟಕ್ಕೆ ಕಾರಣ ಮಲಗಲು ಬಿಡದ ಸೊಂಟನೋವು, ಅದಕ್ಕೆ ಔಷಧವಿದೆ. ಮರೆವೇ ಆಗಿದ್ದರೆ ವಾಸಿಯಾಗುವುದಿಲ್ಲ, ಆದರೆ ಅದರ ದಿನಗಳನ್ನು ಹಗುರ ಮಾಡಬಹುದು. ನಡುಮನೆಯಲ್ಲಿ ಸಣ್ಣದೊಂದು ದೀಪ ಉರಿಯಲಿ. ಜಾರುವ ಟೈಲ್ಸ್ ಮೇಲೆ ಹಳೇ ಜಮಖಾನೆ ಹಾಸಿ. ನೀರಿನ ಬಟ್ಟಲನ್ನು ಇದ್ದ ಜಾಗದಲ್ಲೇ ಇಡಿ. ರಾತ್ರಿ ಎದ್ದು ಅಳುತ್ತಿದ್ದರೆ ದೂರದಿಂದ ಗದರಬೇಡಿ. ಹತ್ತಿರ ಹೋಗಿ, ಮೊದಲು ನಿಮ್ಮ ಕೈ ಮೂಸಲು ಬಿಟ್ಟು, ಆಮೇಲೆ ಬೆನ್ನು ಸವರಿ.